ಅವರು ಹೇಳಿದರೆಂದು ಹೇಳುವಾಗ



ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಮನುಷ್ಯನು ದಿನಕ್ಕೆ ನೂರು ಸಲ ಮಾಡುವ ಕೆಲಸ. ಮಗು ಮನೆಗೆ ಬಂದು ಶಾಲೆಯಲ್ಲಿ ಗುರುಗಳು ಹೇಳಿದ್ದನ್ನು ತಾಯಿಗೆ ಒಪ್ಪಿಸುತ್ತದೆ. ಶಿಷ್ಯನು ಗುರುವಿನ ಅಪ್ಪಣೆಯನ್ನು ಭಕ್ತರಿಗೆ ತಿಳಿಸುತ್ತಾನೆ. ಸಾಕ್ಷಿಯು ನ್ಯಾಯಾಲಯದಲ್ಲಿ ನಿಂತು ತಾನು ಕಿವಿಯಾರೆ ಕೇಳಿದ್ದನ್ನು ನುಡಿಯುತ್ತಾನೆ. ಇಷ್ಟು ಬಳಕೆಯ ಕೆಲಸವಾದುದರಿಂದಲೇ ಅದರೊಳಗಿನ ಕಷ್ಟವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮಗೆ ಅದು ಕಂಡದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ; ಅದೂ ಫ್ರೆಂಚ್ ಮಾತೃಭಾಷೆಯ ತರುಣನೊಬ್ಬನಿಗೆ ಇಂಗ್ಲಿಷ್ ವ್ಯಾಕರಣವನ್ನು ಹೇಳಿಕೊಡಲು ಹೋದಾಗ. ಆ ಪ್ರಸಂಗವನ್ನು ನಾವು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಅದರಲ್ಲಿ ನಮ್ಮದೇ ಒಂದು ತಪ್ಪು ಅಡಗಿರುವುದು ಅದಕ್ಕೆ ಕಾರಣ. ಐವತ್ತು ದಾಟಿದ ಮೇಲೆ ತಪ್ಪನ್ನು ಬಚ್ಚಿಡುವುದಕ್ಕಿಂತ ಹೇಳಿಕೊಳ್ಳುವುದೇ ಹಗುರವೆಂದು ತೋರಿ ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

1996ನೆಯ ಇಸವಿಯ ಮಾತು. ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದ್ದ ನಮ್ಮನ್ನು ಪೂಜ್ಯ ಗುರುಗಳು ಕೆಲವು ತಿಂಗಳ ಮಟ್ಟಿಗೆ ಪುದುಚೇರಿಗೆ ಕಳಿಸಿದರು. ಆಗ ಅದಕ್ಕೆ ಪಾಂಡಿಚೇರಿಯೆಂದೇ ಹೆಸರು. ಅಲ್ಲಿ ಕಡಲ ದಂಡೆಯಲ್ಲಿ ಫ್ರೆಂಚ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನ ಸಂಸ್ಥೆಯಿದೆ. ಜ್ಯಾಂ ಫಿಲಿಯೋಜಾ ಎಂಬ ಫ್ರೆಂಚ್ ವಿದ್ವಾಂಸರ ನೇತೃತ್ವದಲ್ಲಿ 1955ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಶೈವಾಗಮಗಳ ತಾಳೆಗರಿಗಳನ್ನು ಸಂಗ್ರಹಿಸಿ ಕಾಪಾಡಿಕೊಂಡು ಬಂದಿದೆ. ಪುದುಚೇರಿಯ ಶೈವ ಹಸ್ತಪ್ರತಿಗಳನ್ನು ಯುನೆಸ್ಕೋ 2005ರಲ್ಲಿ ತನ್ನ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿಸಿತು. ಆಗಮಗಳ ಕೆಲವು ಪಾಠಗಳನ್ನು ಹೋಲಿಸಿ ನೋಡಿ ಬರಬೇಕೆಂಬುದು ಗುರುಗಳ ಅಪೇಕ್ಷೆ. ಹಗಲೆಲ್ಲ ಓದು, ಸಂಜೆ ಕಡಲ ದಂಡೆಯ ಗಾಳಿ, ರಾತ್ರಿ ಛತ್ರದ ಒಂದು ಕೋಣೆ. ಹೀಗೆ ನಮ್ಮ ದಿನಚರಿ ಸಾಗಿತ್ತು.

ಅಲ್ಲಿ ಪರಿಚಯವಾದವನು ಈ ತರುಣ. ಫ್ರಾನ್ಸ್ ದೇಶದಿಂದ ತಾನಾಗಿ ಬಂದು, ಬಾಡಿಗೆಯ ಮನೆಯಲ್ಲಿದ್ದುಕೊಂಡು, ಸಂಸ್ಕೃತವನ್ನು ಶ್ರದ್ಧೆಯಿಂದ ಓದುತ್ತಿದ್ದ. ಅವನಿಗೆ ಇಪ್ಪತ್ತನಾಲ್ಕರ ಪ್ರಾಯ. ಮುಂದಿನ ವ್ಯಾಸಂಗಕ್ಕೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದಕ್ಕೆ ಸೇರಬೇಕೆಂಬುದು ಆತನ ಹಂಬಲ. ಅದಕ್ಕೆ ಇಂಗ್ಲಿಷ್ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕಿತ್ತು. ಒಮ್ಮೆ ಕುಳಿತು ಸೋತಿದ್ದ. ಒಂದು ಸಂಜೆ ಗಾಂಧೀಜಿಯವರ ಪ್ರತಿಮೆಯ ಬಳಿ ಕುಳಿತಿದ್ದಾಗ ಆತನೇ ಕೇಳಿದ: “ಸ್ವಾಮೀಜಿ, ನೀವು ಇಂಗ್ಲಿಷ್ ಎಂ.ಎ. ಮಾಡಿದವರು. ನನಗೆ ಎರಡೇ ಎರಡು ಪಾಠ ಹೇಳಿಕೊಡಿ. ಒಬ್ಬರ ಮಾತನ್ನು ವರದಿ ಮಾಡುವುದು ಹೇಗೆ? ಎರಡು ವಾಕ್ಯಗಳನ್ನು ‘ಹೂ’, ‘ವಿಚ್’ಗಳಿಂದ ಹೆಣೆಯುವುದು ಹೇಗೆ? ನಾನು ಸೋತದ್ದು ಅವೆರಡರಲ್ಲಿಯೇ.”

ಈ ಪ್ರಶ್ನೆ ನಮಗೆ ಹಳೆಯ ಗೆಳೆಯನಂತೆ ಕಂಡಿತು. ಮಠದ ಪ್ರಸಾದ ನಿಲಯದಲ್ಲಿದ್ದು ಹೈಸ್ಕೂಲು ಓದುವಾಗ ‘ಡೈರೆಕ್ಟ್–ಇನ್‌ಡೈರೆಕ್ಟ್’ ಎಂಬ ಅಭ್ಯಾಸವನ್ನು ನಾವು ಎಷ್ಟು ಸಲ ತಪ್ಪಿದ್ದೆವೋ ಲೆಕ್ಕವಿಲ್ಲ. ‘ಟುಡೇ’ ಎಂಬುದು ‘ದಟ್ ಡೇ’ ಆಗುವುದನ್ನೂ ‘ಟುಮಾರೋ’ ಎಂಬುದು ‘ದಿ ನೆಕ್ಸ್ಟ್ ಡೇ’ ಆಗುವುದನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಕನ್ನಡದ ಹುಡುಗನಿಗೆ ಅದೇಕೆ ಅಷ್ಟು ಕಷ್ಟವೆಂದರೆ, ನಮ್ಮ ಭಾಷೆಯಲ್ಲಿ ಆಡಿದವನ ಮಾತನ್ನು ಆಡಿದಂತೆಯೇ ಇಟ್ಟು ಅದರ ಕೊನೆಗೆ ‘ಎಂದು’ ಎಂಬ ಮುದ್ರೆಯನ್ನೊತ್ತಿದರೆ ಸಾಕು. ‘ನಾಳೆ ಬರುತ್ತೇನೆ ಎಂದು ಹೇಳಿದ’ ಎನ್ನುವಾಗ ನಾಳೆಯೂ ಅವನದೇ, ಬರುತ್ತೇನೆಂಬ ಕ್ರಿಯೆಯೂ ಅವನದೇ. ಸಂಸ್ಕೃತದ ‘ಇತಿ’ಯೂ ಹೀಗೆಯೇ. ಇಂಗ್ಲಿಷಿನಲ್ಲಾದರೋ ವರದಿ ಮಾಡುವವನು ತನ್ನ ಜಾಗದಲ್ಲಿ ನಿಂತು, ತನ್ನ ಕಾಲದಿಂದ ನೋಡಿ, ಆ ಮಾತನ್ನು ಮತ್ತೊಮ್ಮೆ ತನ್ನ ಎರಕದಲ್ಲಿ ಹೊಯ್ಯಬೇಕು. ಫ್ರೆಂಚ್ ಹುಡುಗನಿಗೂ ಇದೇ ತೊಡಕಿರಬೇಕೆಂದು ನಾವು ಊಹಿಸಿದೆವು. ಆ ಊಹೆ ಮೊದಲ ದಿನವೇ ಸುಳ್ಳಾಯಿತು.

ಕಾಲಗಳನ್ನು ಹಿಂದಕ್ಕೆ ಸರಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಏಕೆಂದರೆ ಫ್ರೆಂಚ್ ಭಾಷೆಯೂ ಅದನ್ನೇ ಮಾಡುತ್ತದೆ. ‘ಹೇಳಿದನು’ ಎಂಬ ಭೂತಕಾಲದ ಕ್ರಿಯೆಯ ಕೆಳಗೆ ಬಂದಾಗ ವರ್ತಮಾನವು ಭೂತವಾಗುತ್ತದೆ, ಭೂತವು ಇನ್ನೂ ಹಿಂದಿನ ಭೂತವಾಗುತ್ತದೆ, ಭವಿಷ್ಯತ್ತು ‘ಕೊಂಡಿಸಿಯೊನೆಲ್’ ಎಂದು ಅವರು ಕರೆಯುವ ರೂಪವನ್ನು ತಾಳುತ್ತದೆ. ಇಂಗ್ಲಿಷಿನ ‘ವಿಲ್’ ಎಂಬುದು ‘ವುಡ್’ ಆಗುವಂತೆ. ಅವನ ತೊಡಕುಗಳು ಬೇರೆ ಕಡೆ ಇದ್ದವು. ಫ್ರೆಂಚಿನಲ್ಲಿ ‘ದೀರ್’ ಎಂಬ ಒಂದೇ ಧಾತುವು ಇಂಗ್ಲಿಷಿನ ‘ಸೇ’ ಮತ್ತು ‘ಟೆಲ್’ ಎರಡರ ಕೆಲಸವನ್ನೂ ಮಾಡುತ್ತದೆ. ಆದುದರಿಂದ ಅವನು ಮತ್ತೆ ಮತ್ತೆ ‘ಹಿ ಸೆಡ್ ಮಿ ದಟ್’ ಎಂದು ಬರೆಯುತ್ತಿದ್ದ. ಯಾರಿಗೆ ಹೇಳಿದನೆಂಬುದನ್ನು ಕೂಡಲೆ ಹೇಳಬೇಕಾದರೆ ‘ಟೆಲ್’, ಹೇಳಿದ ಮಾತು ಮಾತ್ರ ಮುಖ್ಯವಾದರೆ ‘ಸೇ’ ಎಂದು ನಾವು ಗೆರೆ ಕೊರೆದು ತೋರಿಸಿದೆವು.

ಪ್ರಶ್ನೆಗಳ ವರದಿಯಲ್ಲಿ ಇನ್ನೊಂದು ವಿಚಿತ್ರ. ನೀನು ಎಲ್ಲಿರುವೆಯೆಂದು ಅವನು ನನ್ನನ್ನು ಕೇಳಿದ ಎನ್ನುವುದಕ್ಕೆ ಫ್ರೆಂಚಿನಲ್ಲಿ ಪದಗಳ ಸರಣಿ ನೇರವಾಗಿಯೇ ಇರುತ್ತದೆ. ಇಂಗ್ಲಿಷಿನಲ್ಲಿಯೂ ಹಾಗೆಯೇ ಇರಬೇಕು. ತನ್ನ ಭಾಷೆಯನ್ನು ನಂಬಿದ್ದರೆ ಅವನು ತಪ್ಪುತ್ತಿರಲಿಲ್ಲ. ಆದರೆ ಇಂಗ್ಲಿಷ್ ಪ್ರಶ್ನೆಗೆ ‘ಡೂ’, ‘ಡಿಡ್’ಗಳನ್ನು ಸೇರಿಸುವುದನ್ನು ಅವನು ಬಹಳ ಕಷ್ಟಪಟ್ಟು ಕಲಿತಿದ್ದ, ಹಾಗೆ ಗಳಿಸಿದ್ದನ್ನು ಬಿಟ್ಟುಕೊಡಲು ಮನಸ್ಸು ಬಾರದೆ ‘ಹಿ ಆಸ್ಕ್ಡ್ ಮಿ ವೇರ್ ಡಿಡ್ ಐ ಲಿವ್’ ಎಂದೇ ಬರೆಯುತ್ತಿದ್ದ. ಹೊಸದಾಗಿ ಕಲಿತ ವಿದ್ಯೆಯನ್ನು ಬೇಡದ ಕಡೆಯಲ್ಲಿಯೂ ಬಳಸುವುದು ವಿದ್ಯಾರ್ಥಿಗಳಿಗೆಲ್ಲ ಸಹಜವೇ. ಇನ್ನು ಭವಿಷ್ಯದ ಸಂಗತಿ. ‘ಅವನು ಬಂದಾಗ’ ಎಂದು ಮುಂದಿನ ಕಾಲವನ್ನು ಕುರಿತು ಹೇಳುವಾಗ ಫ್ರೆಂಚರು ‘ಕಾಂ’ ಎಂಬ ಅವ್ಯಯದ ಮುಂದೆ ಭವಿಷ್ಯತ್ತನ್ನೇ ಇಡುತ್ತಾರೆ. ಇಂಗ್ಲಿಷರು ‘ವೆನ್’ ಎಂಬುದರ ಮುಂದೆ ಅದನ್ನು ಇಡುವುದಿಲ್ಲ. ಆದುದರಿಂದ ತಲುಪಿದ ಕೂಡಲೆ ಪತ್ರ ಬರೆಯುವೆನೆಂದು ಹೇಳಿದ ಎಂಬಲ್ಲಿ ಅವನು ‘ವುಡ್’ ಎಂಬುದನ್ನು ಎರಡು ಸಲ ಹಾಕುತ್ತಿದ್ದ. ನಾವು ಎರಡನೆಯದನ್ನು ಹೊಡೆದುಹಾಕುತ್ತಿದ್ದೆವು. ಹೀಗೆ ‘ವುಡ್’ ಕಂಡಲ್ಲಿ ಹೊಡೆದುಹಾಕುವ ಅಭ್ಯಾಸವೊಂದು ನಮ್ಮ ಲೇಖನಿಗೆ ಅಂಟಿಕೊಂಡಿತು. ಈ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯ ಪಾಠವು ಸಂಬಂಧವಾಚಕ ಉಪವಾಕ್ಯಗಳದು. ಕನ್ನಡದಲ್ಲಿ ‘ನಿನ್ನೆ ಬಂದ ಹುಡುಗ’ ಎಂದು ಕೃದಂತದಿಂದಲೇ ಕೆಲಸ ಸಾಗುತ್ತದೆ. ವಿಶೇಷಣವು ಮೊದಲು, ನಾಮಪದವು ಆಮೇಲೆ, ನಡುವೆ ಕೊಂಡಿಯ ಪದವೇ ಬೇಡ. ಫ್ರೆಂಚ್ ಇಂಗ್ಲಿಷುಗಳೆರಡರಲ್ಲಿಯೂ ನಾಮಪದವು ಮೊದಲು ಬಂದು ಕೊಂಡಿಯು ಆಮೇಲೆ ಬರುತ್ತದೆ. ಆದರೆ ಆ ಕೊಂಡಿಗಳು ಕೇಳುವ ಪ್ರಶ್ನೆಗಳು ಬೇರೆ ಬೇರೆ. ಫ್ರೆಂಚಿನ ‘ಕಿ’ ಎಂಬುದು ಕರ್ತೃವಿಗೆ, ‘ಕ’ ಎಂಬುದು ಕರ್ಮಕ್ಕೆ. ಅದು ಮನುಷ್ಯನೋ ವಸ್ತುವೋ ಎಂಬ ವಿಚಾರ ಅಲ್ಲಿಲ್ಲ. ಇಂಗ್ಲಿಷಿನ ‘ಹೂ’ ಮನುಷ್ಯರಿಗೆ, ‘ವಿಚ್’ ವಸ್ತುಗಳಿಗೆ. ‘ಕಿ’ ಎಂದರೆ ‘ಹೂ’ ಎಂದು ಪಾಠ ಮಾಡಿಕೊಂಡಿದ್ದ ನಮ್ಮ ತರುಣನು ‘ದಿ ಬುಕ್ ಹೂ ಈಸ್ ಆನ್ ದಿ ಟೇಬಲ್’ ಎಂದು ಬರೆದು ಪುಸ್ತಕಕ್ಕೆ ಜೀವ ಕೊಟ್ಟುಬಿಡುತ್ತಿದ್ದ. ಪುಸ್ತಕಕ್ಕೆ ಜೀವವಿದೆಯೆಂದು ನಂಬುವ ನಾಡಿನಲ್ಲಿ ಇದೇನೂ ದೊಡ್ಡ ಅಪರಾಧವಲ್ಲವೆಂದು ನಾವು ನಗುತ್ತಿದ್ದೆವು. ‘ದೋಂ’ ಎಂಬ ಅವರ ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದವಿಲ್ಲ. ಸಂದರ್ಭ ನೋಡಿ ‘ಹೂಸ್’ ಎಂದೋ ‘ಆಫ್ ವಿಚ್’ ಎಂದೋ ‘ಅಬೌಟ್’ ಎಂಬುದನ್ನು ಕೊನೆಗೆ ಸೇರಿಸಿಯೋ ಹೇಳಬೇಕು. ‘ಊ’ ಎಂಬುದು ಸ್ಥಳಕ್ಕೂ ಸಲ್ಲುತ್ತದೆ, ಕಾಲಕ್ಕೂ ಸಲ್ಲುತ್ತದೆ; ಆದುದರಿಂದ ‘ದಿ ಡೇ ವೇರ್ ಐ ಅರೈವ್ಡ್’ ಎಂಬ ವಾಕ್ಯ ಹುಟ್ಟಿತು. ‘ಆಲ್ ವಾಟ್ ಐ ನೋ’ ಎಂಬುದು ಇನ್ನೊಂದು ಮೊಂಡು ತಪ್ಪು.

ಅವನಿಗೆ ಎಲ್ಲಕ್ಕಿಂತ ಅಚ್ಚರಿಯಾದದ್ದು ಇಂಗ್ಲಿಷರು ಈ ಕೊಂಡಿಯನ್ನು ಬಿಟ್ಟೇಬಿಡುವ ರೀತಿ. ‘ದಿ ಮ್ಯಾನ್ ಐ ಸ್ಪೋಕ್ ಟು’ ಎಂಬಲ್ಲಿ ಸಂಬಂಧವಾಚಕವೇ ಮಾಯ. ‘ಟು’ ಎಂಬುದು ಜೊತೆ ತಪ್ಪಿದ ಕರುವಿನಂತೆ ಕೊನೆಯಲ್ಲಿ ನಿಂತಿರುತ್ತದೆ. ಶಿಷ್ಟ ಫ್ರೆಂಚಿನಲ್ಲಿ ಇದು ಎಂದಿಗೂ ಸಲ್ಲದು. ‘ಹಿ ಸೆಡ್ ಹಿ ವಾಸ್ ಟಯರ್ಡ್’ ಎಂದು ‘ದಟ್’ ಬಿಟ್ಟು ಹೇಳುವುದೂ ಅವನಿಗೆ ಅರ್ಧ ಕಟ್ಟಿದ ಸೇತುವೆಯಂತೆ ಕಾಣುತ್ತಿತ್ತು.

ಒಂದು ಸಂಜೆ ಅವನು ತನ್ನ ಚೀಲದಿಂದ ಚಿಕ್ಕದೊಂದು ಫ್ರೆಂಚ್ ಪುಸ್ತಕವನ್ನು ತೆಗೆದು ತೋರಿಸಿದ. ಅದು 1660ರಲ್ಲಿ ಮೊದಲು ಅಚ್ಚಾದ, ‘ಪೋರ್ ರೊಯಾಲ್ ವ್ಯಾಕರಣ’ವೆಂದು ಪ್ರಸಿದ್ಧವಾದ ಗ್ರಂಥದ ಮರುಮುದ್ರಣ. ಆಂತ್ವಾನ್ ಆರ್ನೋ ಎಂಬ ಧರ್ಮಶಾಸ್ತ್ರಜ್ಞನೂ ಕ್ಲೋದ್ ಲಾಂಸ್ಲೋ ಎಂಬ ಉಪಾಧ್ಯಾಯನೂ ಸೇರಿ ರಚಿಸಿದ್ದು. ಪೋರ್ ರೊಯಾಲ್ ಎಂಬುದು ಪ್ಯಾರಿಸ್ಸಿನ ಸಮೀಪದ ಒಂದು ಕಣಿವೆಯಲ್ಲಿದ್ದ ಸನ್ಯಾಸಿನಿಯರ ಮಠ. ಅದರ ಆಶ್ರಯದಲ್ಲಿ ನಡೆಯುತ್ತಿದ್ದ ಪುಟ್ಟ ಶಾಲೆಗಳಲ್ಲಿ ಮುಂದೆ ಮಹಾ ನಾಟಕಕಾರನಾದ ರಾಸೀನನೂ ಓದಿದ್ದ. ಮಠವೊಂದರ ನೆರಳಿನಲ್ಲಿ ಹುಟ್ಟಿದ ವ್ಯಾಕರಣವೆಂದು ಕೇಳಿ ನಮಗೆ ತಟ್ಟನೆ ಆತ್ಮೀಯತೆ ಮೂಡಿತು. ಸಂಬಂಧವಾಚಕ ಉಪವಾಕ್ಯವೆಂದರೆ ಒಂದು ತೀರ್ಮಾನದೊಳಗೆ ಅಡಗಿ ಕುಳಿತ ಇನ್ನೊಂದು ತೀರ್ಮಾನ ಎಂಬ ವಿಚಾರವನ್ನು ಆ ಗ್ರಂಥವು ಬಿಡಿಸಿ ತೋರಿಸುತ್ತದೆ. ಎರಡು ವರ್ಷಗಳ ಮೇಲೆ, 1662ರಲ್ಲಿ, ಆರ್ನೋ ಮತ್ತು ನಿಕೋಲ್ ಬರೆದ ತರ್ಕಗ್ರಂಥವು ಇದನ್ನೇ ಮುಂದುವರಿಸಿ, ಅಂಥ ಉಪವಾಕ್ಯಗಳಲ್ಲಿ ವಿವರಿಸುವವು ಮತ್ತು ನಿರ್ಧರಿಸುವವು ಎಂಬ ಎರಡು ಬಗೆಗಳನ್ನು ಗುರುತಿಸುತ್ತದೆ. ‘ಪ್ಯಾರಿಸ್ಸಿನಲ್ಲಿರುವ ನನ್ನ ಅಣ್ಣ’ ಎಂದಾಗ ಅಣ್ಣಂದಿರು ಹಲವರಿದ್ದು ಅವರಲ್ಲಿ ಒಬ್ಬನನ್ನು ಆರಿಸುತ್ತಿದ್ದೇವೆಯೇ, ಅಥವಾ ಇರುವ ಒಬ್ಬನೇ ಅಣ್ಣನ ವಿಷಯದಲ್ಲಿ ಹೆಚ್ಚಿನ ಸಂಗತಿಯೊಂದನ್ನು ಹೇಳುತ್ತಿದ್ದೇವೆಯೇ? ಬರೆಯುವಾಗ ಇಂಗ್ಲಿಷಿನಲ್ಲಿಯೂ ಫ್ರೆಂಚಿನಲ್ಲಿಯೂ ಒಂದು ಅಲ್ಪವಿರಾಮವು ಇದನ್ನು ತೀರ್ಮಾನಿಸುತ್ತದೆ. ಒಂದು ಚುಕ್ಕೆಯ ಬಾಲದಲ್ಲಿ ಒಬ್ಬ ಅಣ್ಣನೋ ಹಲವರೋ ಎಂಬುದು ತೂಗುತ್ತಿರುತ್ತದೆ!

ಇಷ್ಟೆಲ್ಲ ಸೂಕ್ಷ್ಮಗಳನ್ನು ಬಾಯಲ್ಲಿ ಹೇಳುತ್ತಿದ್ದ ನಾವು ಆಚರಣೆಯಲ್ಲಿ ಎಡವಿದ ಕಥೆಯನ್ನು ಇನ್ನು ಹೇಳಬೇಕು.

ಕಾವೇರಿ ತೀರದ ಒಂದು ಊರಿನಲ್ಲಿ ಹಳೆಯ ಮನೆತನವೊಂದಿತ್ತು. ಅವರ ಮನೆಯಲ್ಲಿ ತಾಳೆಗರಿಯ ಕೆಲವು ಕಟ್ಟುಗಳಿದ್ದವು. ನಾವು ಇಳಿದುಕೊಂಡಿದ್ದ ಛತ್ರಕ್ಕೆ ಬಂದ ಯಾತ್ರಿಕರೊಬ್ಬರು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಆ ಮನೆತನದ ಸುದ್ದಿ ತೆಗೆದು, ಅದರಲ್ಲಿ ಅಮೂಲ್ಯವಾದ ಒಂದು ಕಟ್ಟನ್ನು ಯಜಮಾನರ ಚಿಕ್ಕಪ್ಪನು ಒಯ್ದುಬಿಟ್ಟನಂತೆ ಎಂದರು. ಮರುದಿನ ಸಂಜೆ ಮಾತಿನ ನಡುವೆ ನಾವು ಅದನ್ನು ನಮ್ಮ ತರುಣನಿಗೆ ಹೇಳಿದೆವು. ಇಂಗ್ಲಿಷಿನಲ್ಲಿ ‘ದೇ ಸೇ’ ಎಂದು ಮೊದಲು ಮಾಡಿಯೇ ಹೇಳಿದೆವು. ಹೇಳುವ ಅಗತ್ಯವೇನಿತ್ತು? ಏನೂ ಇರಲಿಲ್ಲ. ಹೊತ್ತು ಹೋಗಲೆಂದು ಹೇಳಿದ ಮಾತು ಅದು.

ತರುಣನು ಆ ಮನೆಯ ಯಜಮಾನರಿಗೆ ಪತ್ರ ಬರೆದ. ತಮ್ಮಲ್ಲಿರುವ ಕಟ್ಟುಗಳನ್ನು ನೋಡಲು ಅವಕಾಶ ಕೊಡಬೇಕೆಂದೂ, ಚಿಕ್ಕಪ್ಪನವರು ಒಯ್ದಿರುವರೆಂದು ಹೇಳಲಾಗುವ ಕಟ್ಟನ್ನು ನೋಡಲು ಅವರ ವಿಳಾಸವನ್ನು ತಿಳಿಸಬೇಕೆಂದೂ ಅದರ ಸಾರಾಂಶ. ವಿನಯದ ಪತ್ರ. ಕಳಿಸುವ ಮೊದಲು ತಿದ್ದಿಕೊಡಿರೆಂದು ನಮ್ಮ ಕೈಗಿತ್ತ. ಅದರಲ್ಲಿ ‘ದಿ ಮ್ಯಾನುಸ್ಕ್ರಿಪ್ಟ್ ದಟ್ ಯುವರ್ ಅಂಕಲ್ ವುಡ್ ಹ್ಯಾವ್ ಟೇಕನ್ ಅವೇ’ ಎಂಬ ವಾಕ್ಯಖಂಡವಿತ್ತು. ಮತ್ತೆ ಆ ‘ವುಡ್’! ಆಗಿಹೋದ ಕ್ರಿಯೆಗೆ ‘ವುಡ್ ಹ್ಯಾವ್’ ಏಕೆ ಬಂತೆಂದು ನಾವು ಅವನನ್ನು ಕೇಳಬೇಕಿತ್ತು. ಕೇಳಲಿಲ್ಲ. ಶಿಷ್ಯನ ತಪ್ಪು ಕಂಡ ಉಪಾಧ್ಯಾಯನ ಸಂತೋಷದಲ್ಲಿ ಅದನ್ನು ಹೊಡೆದುಹಾಕಿ, ಮೇಲೆ ‘ಹ್ಯಾಡ್’ ಎಂದು ದುಂಡಗೆ ಬರೆದೆವು. ವ್ಯಾಕರಣದ ದೃಷ್ಟಿಯಿಂದ ವಾಕ್ಯ ಈಗ ನಿರ್ದುಷ್ಟವಾಗಿತ್ತು. ಪತ್ರ ಅಂಚೆಗೆ ಹೋಯಿತು.

ಎರಡು ವಾರಗಳ ಮೇಲೆ ಒಂದು ಕಾರ್ಡು ಬಂತು. ತೋರಿಸಲು ತಮ್ಮಲ್ಲಿ ಯಾವ ಕಟ್ಟೂ ಇಲ್ಲವೆಂದೂ, ಪತ್ರವನ್ನು ತಮ್ಮ ಚಿಕ್ಕಪ್ಪನವರೂ ಓದಿದ್ದಾರೆಂದೂ ಅದರಲ್ಲಿತ್ತು. ಅಷ್ಟೇ. ತರುಣನಿಗೆ ಏನೂ ಅರ್ಥವಾಗಲಿಲ್ಲ. ತನ್ನ ಬಳಿಯಿದ್ದ ಕರಡನ್ನು ತೆಗೆದ. ನಾವು ತಿದ್ದಿದ ಜಾಗವನ್ನು ಬೆರಳಿನಿಂದ ತೋರಿಸಿ, ಮೆಲ್ಲಗೆ, “ಸ್ವಾಮೀಜಿ, ನಾನು ಬರೆದದ್ದು ಇದಲ್ಲ” ಎಂದ. ಆಮೇಲೆ ವಿವರಿಸಿದ. ಫ್ರೆಂಚಿನಲ್ಲಿ ಆ ಕೊಂಡಿಸಿಯೊನೆಲ್ ರೂಪಕ್ಕೆ ಇನ್ನೊಂದು ಕೆಲಸವಿದೆ. ತಾನು ಕಣ್ಣಾರೆ ಕಾಣದ, ಬೇರೆಯವರಿಂದ ಕೇಳಿದ, ತಾನು ಹೊಣೆ ಹೊರಲಾರದ ಸುದ್ದಿಯನ್ನು ಹೇಳುವಾಗ ಅದನ್ನು ಬಳಸುತ್ತಾರೆ. ಮಂತ್ರಿಗಳು ರಾಜೀನಾಮೆ ಕೊಟ್ಟಿರುವರೆಂಬ ಸುದ್ದಿ ಖಚಿತವಾಗದಿದ್ದರೆ ಅಲ್ಲಿಯ ಪತ್ರಿಕೆಗಳು ಈ ರೂಪದಲ್ಲಿಯೇ ಅಚ್ಚು ಮಾಡುತ್ತವೆ. ಅದನ್ನು ಅವನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದಿದ್ದ. ಇಂಗ್ಲಿಷಿನ ‘ವುಡ್ ಹ್ಯಾವ್’ಗೆ ಆ ಅರ್ಥವಿಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ, ಅವನ ‘ವುಡ್ ಹ್ಯಾವ್’ಗೆ ಆ ಅರ್ಥವಿತ್ತೆಂಬುದು ನಮಗೆ ತಿಳಿದಿರಲಿಲ್ಲ.

ವಾಚಕರೇ, ಆ ಕ್ಷಣದಲ್ಲಿ ನಮ್ಮ ಮುಖಕ್ಕೆ ರಕ್ತವೇರಿತು. ಅವನು ಹೇಳುತ್ತಿದ್ದುದು ನಮ್ಮ ‘ಅಂತೆ’ಯನ್ನು! ‘ಒಯ್ದನಂತೆ’. ಯಾತ್ರಿಕರು ಛತ್ರದ ಪಂಕ್ತಿಯಲ್ಲಿ ಆಡಿದ್ದು ಅದೇ ಮಾತು. ಫ್ರೆಂಚ್ ಹುಡುಗನು ತಪ್ಪು ಇಂಗ್ಲಿಷಿನಲ್ಲಿ ಆ ಸಂದೇಹವನ್ನು ಜತನವಾಗಿ ಹೊತ್ತು ತಂದಿದ್ದ. ಸರಿಯಾದ ಇಂಗ್ಲಿಷ್ ಬಲ್ಲ ನಾವು ‘ಅಂತೆ’ಯನ್ನು ಕಿತ್ತುಹಾಕಿ ‘ಒಯ್ದ’ ಎಂಬುದನ್ನು ಮಾತ್ರ ಉಳಿಸಿದ್ದೆವು. ಅದೂ ಉಪವಾಕ್ಯದಲ್ಲಿ. ‘ನಿಮ್ಮ ಚಿಕ್ಕಪ್ಪ ಕಟ್ಟನ್ನು ಒಯ್ದರು’ ಎಂದು ನೇರವಾಗಿ ಬರೆದಿದ್ದರೆ ಓದಿದವರು ‘ಇಲ್ಲ’ ಎಂದು ಎದುರು ಹೇಳಬಹುದಿತ್ತು. ‘ನಿಮ್ಮ ಚಿಕ್ಕಪ್ಪ ಒಯ್ದ ಕಟ್ಟು’ ಎಂದಾಗ ಒಯ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿಯಾಗಿ, ವಾದಕ್ಕೂ ಎಡೆಯಿಲ್ಲದಂತೆ, ವಿಶೇಷಣದ ವೇಷ ಹಾಕಿಕೊಂಡು ಒಳಗೆ ನುಗ್ಗಿಬಿಡುತ್ತದೆ. ತೀರ್ಮಾನದೊಳಗೆ ಅಡಗಿದ ತೀರ್ಮಾನವೆಂದು ಆ ಹಳೆಯ ವ್ಯಾಕರಣದಿಂದ ಕಲಿತದ್ದರ ಅರ್ಥ ನಮಗೆ ಅಂದು ಪೂರ್ತಿಯಾಗಿ ಆಯಿತು.

ಮರುದಿನವೇ ಇಬ್ಬರೂ ಬಸ್ಸು ಹತ್ತಿ ಆ ಊರಿಗೆ ಹೋದೆವು. ಯಜಮಾನರು ಮನೆಯಲ್ಲಿರಲಿಲ್ಲ. ಚಿಕ್ಕಪ್ಪನವರು ಜಗಲಿಯ ಮೇಲೆ ಕುಳಿತಿದ್ದರು. ಎಂಬತ್ತರ ಸಮೀಪದ ವೃದ್ಧರು, ಬೆನ್ನು ಬಾಗಿರಲಿಲ್ಲ. ನಮ್ಮ ಕಾವಿಯನ್ನು ಕಂಡು ಎದ್ದು ನಿಂತು ಕೈಮುಗಿದರು. ಅದು ನಮ್ಮನ್ನು ಇನ್ನಷ್ಟು ಕುಗ್ಗಿಸಿತು. ನಾವು ಬಂದ ಕಾರಣವನ್ನು ಹೇಳಿ, ಪತ್ರದಲ್ಲಿ ಆದ ತಪ್ಪು ತರುಣನದಲ್ಲ, ನಮ್ಮದು ಎಂದು ಕ್ಷಮೆ ಕೇಳಿದೆವು. ಅವರು ಹಳೆಯ ಕಾಲದ ಶಾಲೆಯಲ್ಲಿ ಕಲಿತ ಸ್ವಚ್ಛವಾದ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ಯಾರು ಹೇಳಿದರು?”

ಛತ್ರದಲ್ಲಿ ಒಬ್ಬ ಯಾತ್ರಿಕರು ಎಂದೆವು.

“ಅವರ ಹೆಸರೇನು?”

ಕೇಳಿಕೊಂಡಿರಲಿಲ್ಲ.

“ಅವರಿಗೆ ಯಾರು ಹೇಳಿದರು?”

ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಶಾಂತವಾಗಿಯೇ ನುಡಿದರು: “ಹಾಗಿದ್ದರೆ ಸ್ವಾಮಿಗಳೇ, ಹೇಳಿದವರು ನೀವೇ.”

ಆಮೇಲೆ ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟರು. ಬಿಸಿಲಿನಲ್ಲಿ ಬಂದವರಿಗೆ ಸಲ್ಲಬೇಕಾದ ಉಪಚಾರದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಕಟ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅದು ಎಲ್ಲಿದೆ, ಅದಕ್ಕೆ ಏನಾಯಿತು, ಅಸಲು ಅಂಥದೊಂದು ಇತ್ತೇ ಎಂಬುದು ನಮಗೆ ಇಂದಿಗೂ ತಿಳಿಯದು. ತಿಳಿಯುವ ಅಧಿಕಾರವನ್ನು ನಾವೇ ಕಳೆದುಕೊಂಡಿದ್ದೆವು.

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರಿಗೂ ಬಹಳ ಹೊತ್ತು ಮಾತಿರಲಿಲ್ಲ. ಕತ್ತಲಾಗುವ ಹೊತ್ತಿಗೆ ತರುಣನೇ ಮೌನವನ್ನು ಮುರಿದು, ತಾನು ತೋರಿಸಿದ್ದ ವ್ಯಾಕರಣದ ಪೋರ್ ರೊಯಾಲ್ ಮಠಕ್ಕೆ ಮುಂದೆ ಏನಾಯಿತೆಂಬುದನ್ನು ಹೇಳಿದ. ಯಾನ್ಸೆನಿಯುಸ್ ಎಂಬ ಬಿಷಪ್ಪನೊಬ್ಬನ ದೊಡ್ಡ ಲ್ಯಾಟಿನ್ ಗ್ರಂಥವು ಅವನು ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾಯಿತು. 1653ರಲ್ಲಿ ರೋಮಿನ ಪೋಪರು ಐದು ವಾಕ್ಯಗಳನ್ನು ಧರ್ಮವಿರುದ್ಧವೆಂದು ಖಂಡಿಸಿದರು. ಅವು ಖಂಡನಾರ್ಹವೆಂಬುದನ್ನು ಆರ್ನೋ ಮತ್ತು ಅವನ ಸಂಗಡಿಗರು ಒಪ್ಪಿದರು. ಆದರೆ ಖಂಡಿಸಿದ ಅರ್ಥದಲ್ಲಿ ಆ ಬಿಷಪ್ಪನು ಅವುಗಳನ್ನು ತನ್ನ ಗ್ರಂಥದಲ್ಲಿ ಹೇಳಿಯೇ ಇಲ್ಲವೆಂದು ಪಟ್ಟು ಹಿಡಿದರು. ತತ್ತ್ವದ ಪ್ರಶ್ನೆ ಬೇರೆ, ಸಂಗತಿಯ ಪ್ರಶ್ನೆ ಬೇರೆ ಎಂಬುದು ಅವರ ವಾದ. ಆರ್ನೋನನ್ನು 1656ರಲ್ಲಿ ಸೊರ್ಬಾನ್ ವಿದ್ಯಾಪೀಠದ ಪಂಡಿತಮಂಡಲಿಯಿಂದ ಹೊರಹಾಕಿದರು. ಆ ವಾಕ್ಯಗಳು ಆ ಗ್ರಂಥದಲ್ಲಿವೆಯೆಂಬ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕೆಂದು ಮಠದ ಸನ್ಯಾಸಿನಿಯರ ಮೇಲೆ ಒತ್ತಾಯ ಬಂತು. ಲ್ಯಾಟಿನ್ ಗ್ರಂಥವನ್ನು ಓದದ ತಾವು ಅದರಲ್ಲಿ ಇಂಥದು ಇದೆಯೆಂದು ಹೇಗೆ ಸಾಕ್ಷಿ ನುಡಿಯುವುದೆಂದು ಅವರಲ್ಲಿ ಅನೇಕರು ಹಿಂಜರಿದರು. 1664ರಲ್ಲಿ ಕೆಲವರನ್ನು ಬಲಾತ್ಕಾರವಾಗಿ ಬೇರೆ ಮಠಗಳಿಗೆ ಸಾಗಿಸಿದರು. ಕಡೆಗೆ 1709ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಆಜ್ಞೆಯಂತೆ ಉಳಿದಿದ್ದ ವೃದ್ಧ ಸನ್ಯಾಸಿನಿಯರನ್ನೂ ಚೆದರಿಸಿ, ಮುಂದೆ ಆ ಮಠದ ಕಟ್ಟಡಗಳನ್ನೇ ನೆಲಸಮ ಮಾಡಿಸಿದರು.

ಅವರ ಮತದ ಒಳಜಗಳಗಳಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡಲು ನಾವು ಹೊರಗಿನವರು. ರಾಜಕೀಯದ ಕಾರಣಗಳೂ ಅದರಲ್ಲಿ ಬೆರೆತಿದ್ದವು. ಆದರೂ ಆ ಬಸ್ಸಿನ ಕತ್ತಲಲ್ಲಿ ಕುಳಿತು ಕೇಳುತ್ತಿದ್ದ ನಮಗೆ ಆ ಕಥೆಯ ತಿರುಳು ಒಂದೇ ಎನಿಸಿತು: ‘ಅವನು ಹೀಗೆ ಹೇಳಿದ’ ಎಂಬ ವಾಕ್ಯಕ್ಕೆ, ತಾವು ಓದಿ ನೋಡದೆ, ಸಹಿ ಹಾಕಲಾರೆವೆಂದು ಕೆಲವು ಹೆಂಗಸರು ನಿಂತರು, ಆ ನಿಲುವಿಗೆ ತಕ್ಕ ಬೆಲೆಯನ್ನೂ ತೆತ್ತರು. ನಾವು ಛತ್ರದ ಪಂಕ್ತಿಯಲ್ಲಿ ಕೇಳಿದ ಮಾತಿಗೆ, ಯಾರ ಒತ್ತಾಯವೂ ಇಲ್ಲದೆ, ಒಂದು ‘ಹ್ಯಾಡ್’ ಬರೆದು ಸಹಿ ಹಾಕಿದ್ದೆವು.

ಕನ್ನಡದ ‘ಅಂತೆ’ ಬಹಳ ಒಳ್ಳೆಯ ಪದ. ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಪ್ರಾಮಾಣಿಕತೆ ಅದರಲ್ಲಿದೆ. ಆದರೆ ಅದರ ಮರೆಯಲ್ಲಿ ನಿಂತು ಏನನ್ನು ಬೇಕಾದರೂ ಎಸೆಯಬಹುದೆಂಬ ಧೈರ್ಯವನ್ನೂ ಅದು ಕೊಟ್ಟುಬಿಡುತ್ತದೆ. ಫ್ರೆಂಚರ ಕೊಂಡಿಸಿಯೊನೆಲ್ ರೂಪವೂ ಅಂಥದೇ ಒಂದು ಮರೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಪ್ರತ್ಯಯವಿಲ್ಲ. ‘ಈಸ್ ಸೆಡ್ ಟು ಹ್ಯಾವ್’ ಎಂದು ಸುತ್ತಿ ಹೇಳುವ ದಾರಿಯಿದೆ; ಆ ಪತ್ರದಲ್ಲಿ ನಾವು ಬರೆಯಬೇಕಾಗಿದ್ದದ್ದೂ ಅದೇ. ಆದರೆ ಹಾಗೆ ಬರೆಯುವಾಗ ‘ಹೇಳಲಾಗಿದೆ’ ಎಂಬುದು ಒಂದು ಬೇರೆ ಕ್ರಿಯೆಯಾಗಿ ಎದ್ದು ನಿಲ್ಲುತ್ತದೆ. ಎದ್ದು ನಿಂತ ಕೂಡಲೆ ಯಾರಿಂದ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಯಾವ ಭಾಷೆಯೂ ಇನ್ನೊಂದಕ್ಕಿಂತ ಸತ್ಯವಂತವಲ್ಲ. ಆದರೆ ತನ್ನ ಭಾಷೆಯಲ್ಲಿ ಮೈಮರೆತು ಆಡುವ ಮಾತನ್ನು ಇನ್ನೊಂದು ಭಾಷೆಯಲ್ಲಿ ತಡವರಿಸಿ ಆಡುವಾಗ ಅದರ ತೂಕ ಕೈಗೆ ಹತ್ತುತ್ತದೆ. ಫ್ರೆಂಚ್ ಹುಡುಗನು ಇಂಗ್ಲಿಷ್ ಕಲಿಯುವುದನ್ನು ನೋಡಿ ಕನ್ನಡದವರಾದ ನಾವು ಕಲಿತದ್ದು ಇದು.

ಆ ತರುಣನು ಮುಂದಿನ ವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾದ. ಇಂಗ್ಲೆಂಡಿಗೆ ಹೋಗಿ ವ್ಯಾಸಂಗವನ್ನೂ ಪೂರೈಸಿದ. ಅಲ್ಲಿಂದ ಬರೆದ ಮೊದಲ ಪತ್ರದಲ್ಲಿ, ಪರೀಕ್ಷೆಯಲ್ಲಿ ಒಂದು ವೃತ್ತಪತ್ರಿಕೆಯ ಸುದ್ದಿಯನ್ನು ಇಂಗ್ಲಿಷಿಗೆ ತಿರುಗಿಸಲು ಕೊಟ್ಟಿದ್ದರೆಂದೂ, ಅದರಲ್ಲಿ ಆ ಕೊಂಡಿಸಿಯೊನೆಲ್ ರೂಪ ಬಂದಾಗ ತನಗೆ ಜಗಲಿಯ ಮೇಲಿನ ಅಜ್ಜನವರ ನೆನಪಾಗಿ ಕೈ ನಿಂತಿತೆಂದೂ ತಿಳಿಸಿದ್ದ. ಆ ಪತ್ರದಲ್ಲಿ ‘ಸೇ’, ‘ಟೆಲ್’ಗಳು ತಮ್ಮ 	ತಮ್ಮ ಜಾಗದಲ್ಲಿದ್ದವು, ‘ದಿ ಡೇ ವೇರ್’ ಎಂಬುದೊಂದು ಮಾತ್ರ ಹಾಗೆಯೇ ಉಳಿದಿತ್ತು. ಅದನ್ನು ನಾವು ತಿದ್ದಲಿಲ್ಲ.

ಇತ್ತ ಮಠದ ಹೊಣೆ ನಮ್ಮ ಮೇಲೆ ಬಂದು ಹಲವು ವರ್ಷಗಳಾದವು. ದರ್ಶನಕ್ಕೆ ಬರುವವರು ಫಲಪುಷ್ಪಗಳೊಡನೆ ಸುದ್ದಿಗಳನ್ನೂ ತರುತ್ತಾರೆ. ಇಂಥವರ ಮಗಳು ಹೀಗೆ ಮಾಡಿದಳಂತೆ, ಇಂಥ ಊರಿನ ಹಿರಿಯರು ಲೆಕ್ಕ ಒಪ್ಪಿಸಲಿಲ್ಲವಂತೆ. ಈಚೆಗೆ ಕೈಯಲ್ಲಿರುವ ಮೊಬೈಲನ್ನೇ ತೆರೆದು ತೋರಿಸುತ್ತಾರೆ, ಅದರಲ್ಲಿ ಹತ್ತು ಕೈ ದಾಟಿ ಬಂದ ಬರಹಕ್ಕೆ ‘ಅಂತೆ’ಯ ಹಂಗೂ ಇರುವುದಿಲ್ಲ, ಅದು ಹತ್ತು ಸಲ ದಾಟುವಾಗ ನಮ್ಮಂಥವರೇ ಯಾರೋ ಅದನ್ನು ತಿದ್ದಿ ದುಂಡಗೆ ಮಾಡಿರುತ್ತಾರೆ. ನಾವು ಬಂದವರನ್ನು ಗದರಿಸುವುದಿಲ್ಲ. ಗದರಿಸುವ ಯೋಗ್ಯತೆ ನಮಗಿಲ್ಲ. “ಯಾರು ಹೇಳಿದರು?” ಎಂದಷ್ಟೇ ಕೇಳುತ್ತೇವೆ. ಕೆಲವರು ಹೆಸರು ಹೇಳುತ್ತಾರೆ. ಬಹಳ ಮಂದಿ ಸುಮ್ಮನಾಗುತ್ತಾರೆ. ಸುಮ್ಮನಾದವರಿಗೆ ನಾವೂ ಮಜ್ಜಿಗೆ ತರಿಸಿ ಕೊಡುತ್ತೇವೆ.

ವಾಚಕರೇ, ಈ ಲೇಖನದಲ್ಲಿಯೂ ನಾವು ಇತರರ ಮಾತುಗಳನ್ನು ನಿಮಗೆ ಮುಟ್ಟಿಸಿದ್ದೇವೆ. ಬಹಳ ವರ್ಷಗಳ ಹಿಂದಿನ ಮಾತುಗಳು. ಇಂಗ್ಲಿಷಿನಲ್ಲಿ ಆಡಿದವುಗಳನ್ನು ಕನ್ನಡಕ್ಕೆ ತಂದಿದ್ದೇವೆ. ಅಕ್ಷರಕ್ಕೆ ಅಕ್ಷರ ಹೀಗೆಯೇ ಇದ್ದವೆಂದು ಆಣೆ ಇಡಲಾರೆವು. ಆದರೆ ಆ ವೃದ್ಧರ ಕೊನೆಯ ಮಾತೊಂದು ಮಾತ್ರ ಅವರದೇ. ಅದಕ್ಕೆ ಹೊಣೆ ನಾವು.